ಬಿಯರ್ ಕಾನೂನು ತೆರೆದ ಬಾಗಿಲು: ಲಂಡನ್ನಿನ ‘ಈಗಲ್’ ಪಬ್ ಭೋಜನಶಾಲೆಯಾದ ಬಗೆ

ಲಂಡನ್ನಿನ ಕ್ಲರ್ಕನ್‌ವೆಲ್ ಪ್ರದೇಶವು ಒಂದು ಕಾಲಕ್ಕೆ ಗಡಿಯಾರ ತಯಾರಕರಿಗೂ ಆಭರಣದ ಕುಶಲಕರ್ಮಿಗಳಿಗೂ ಮುದ್ರಣಾಲಯಗಳಿಗೂ ಹೆಸರಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ದುಡಿಯುವವರು ಹೋದ ಮೇಲೆ ದುಡಿದು ದಣಿದು ಬರುವ ಗಿರಾಕಿಯೂ ಹೋಗುತ್ತಾನೆ. ಅದೇ ಪ್ರದೇಶದ ಫ್ಯಾರಿಂಗ್‌ಡನ್ ರಸ್ತೆಯಲ್ಲಿದ್ದ ‘ದಿ ಈಗಲ್’ ಎಂಬ ಹಳೆಯ ಪಬ್ಬನ್ನು 1991ರ ಆರಂಭದಲ್ಲಿ ಮೈಕೆಲ್ ಬೆಲ್ಬೆನ್ ಮತ್ತು ಡೇವಿಡ್ ಐರ್ ಎಂಬ ಇಬ್ಬರು ವಹಿಸಿಕೊಂಡರು. ಅವರು ನಿಜವಾಗಿ ತೆರೆಯಬೇಕೆಂದಿದ್ದುದು ರೆಸ್ಟೋರೆಂಟನ್ನು. ಅದಕ್ಕೆ ಬೇಕಾದಷ್ಟು ಬಂಡವಾಳ ಅವರ ಬಳಿ ಇರಲಿಲ್ಲ. ಬ್ರಿಟನ್ ಆಗ ಆರ್ಥಿಕ ಹಿಂಜರಿತದಲ್ಲಿತ್ತು.

ಬಂಡವಾಳವಿಲ್ಲದವರಿಗೆ ಪಬ್ ದೊರೆಯುವಂತಾದುದರ ಹಿಂದೆ ಒಂದು ಕಾನೂನಿನ ಕಥೆಯಿದೆ. ಬ್ರಿಟನ್ನಿನ ಪಬ್ಬುಗಳಲ್ಲಿ ಬಹುಪಾಲು ಆಗ ‘ಟೈಡ್ ಹೌಸ್’ಗಳಾಗಿದ್ದವು, ಅಂದರೆ ಕರಾರಿಗೆ ಕಟ್ಟುಬಿದ್ದ ಮಳಿಗೆಗಳು. ಕಟ್ಟಡವು ಬಿಯರ್ ತಯಾರಿಸುವ ಕಂಪನಿಯದಾಗಿತ್ತು. ನಡೆಸುವವನು ಅದರ ಬಾಡಿಗೆದಾರನಾಗಿದ್ದ. ಆತ ಬಾಡಿಗೆ ಕೊಡಬೇಕಿತ್ತು, ಜೊತೆಗೆ ಬಿಯರನ್ನು ಆ ಕಂಪನಿಯಿಂದಲೇ, ಅದು ಹೇಳಿದ ದರಕ್ಕೇ ಕೊಳ್ಳಬೇಕಿತ್ತು. ಪಕ್ಕದ ಸಗಟು ವ್ಯಾಪಾರಿ ಅಗ್ಗವಾಗಿ ಕೊಡುತ್ತೇನೆಂದರೂ ಕೊಳ್ಳುವಂತಿರಲಿಲ್ಲ. ಒಬ್ಬನೇ ಮಾಲೀಕನು ಮನೆಯ ಒಡೆಯನೂ ಸರಕಿನ ಏಕೈಕ ಪೂರೈಕೆದಾರನೂ ಆದರೆ ಚಿಲ್ಲರೆ ವ್ಯಾಪಾರಿಯ ಲಾಭಾಂಶವು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ವರ್ತಕ ಬಂಧುಗಳಿಗೆ ವಿವರಿಸಬೇಕಾಗಿಲ್ಲ.

ಆರು ದೊಡ್ಡ ಕಂಪನಿಗಳು ದೇಶದ ಬಿಯರ್ ಉತ್ಪಾದನೆಯ ಸುಮಾರು ಮುಕ್ಕಾಲು ಭಾಗವನ್ನು ಹಿಡಿದಿದ್ದವು. ಅಲ್ಲಿನ ಏಕಸ್ವಾಮ್ಯ ಮತ್ತು ವಿಲೀನಗಳ ಆಯೋಗವು 1989ರಲ್ಲಿ ಈ ವ್ಯವಸ್ಥೆಯು ಸ್ಪರ್ಧೆಗೆ ಮಾರಕವೆಂದು ವರದಿ ನೀಡಿತು. ಅದೇ ವರ್ಷ ಹೊರಬಿದ್ದ ಆದೇಶಗಳ ಪ್ರಕಾರ, 2,000ಕ್ಕಿಂತ ಹೆಚ್ಚು ಪಬ್ಬುಗಳುಳ್ಳ ಕಂಪನಿಗಳು ಹೆಚ್ಚುವರಿ ಪಬ್ಬುಗಳಲ್ಲಿ ಅರ್ಧದಷ್ಟನ್ನು 1992ರ ನವೆಂಬರ್ ಒಳಗೆ ಮಾರಬೇಕಿತ್ತು ಅಥವಾ ಕರಾರಿನಿಂದ ಬಿಡುಗಡೆ ಮಾಡಬೇಕಿತ್ತು. ಹೀಗೆ ಕಟ್ಟು ಕಳಚಬೇಕಾದ ಪಬ್ಬುಗಳ ಸಂಖ್ಯೆ ಸುಮಾರು 11,000. ವ್ಯಾಪಾರ ಕುಂದಿದ ಪಬ್ಬುಗಳನ್ನು ಕಂಪನಿಗಳು ಸಹಜವಾಗಿಯೇ ಮೊದಲು ಕೈಬಿಡತೊಡಗಿದವು. ಬೆಲ್ಬೆನ್ ಮತ್ತು ಐರ್ ಗುತ್ತಿಗೆ ಹಿಡಿದದ್ದು ಈ ಸಂದರ್ಭದಲ್ಲಿ.

ಒಳಗೆ ಅವರು ಮಾಡಿದ ಏರ್ಪಾಡು ವೆಚ್ಚದ ಲೆಕ್ಕಾಚಾರದಿಂದ ಹುಟ್ಟಿದ್ದು. ಪ್ರತ್ಯೇಕ ಅಡುಗೆಮನೆ ಕಟ್ಟುವ ಬದಲು ಬಾರ್ ಕೌಂಟರಿನ ಹಿಂದೆಯೇ, ಗಿರಾಕಿಗಳ ಕಣ್ಣೆದುರಿನಲ್ಲಿ, ಒಲೆ ಹೂಡಿದರು. ಒಂದಕ್ಕೊಂದು ಹೊಂದದ ಹಳೆಯ ಕುರ್ಚಿ ಮೇಜುಗಳನ್ನು ಹಾಕಿದರು. ಮೇಜುವಸ್ತ್ರವಿಲ್ಲ, ಮುದ್ರಿತ ತಿನಿಸುಪಟ್ಟಿಯಿಲ್ಲ. ದಿನದ ಅಡುಗೆಯನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಮುಗಿದ ಪದಾರ್ಥವನ್ನು ಅಳಿಸಿಬಿಡುವುದು. ಗಿರಾಕಿ ತಾನೇ ಕೌಂಟರಿಗೆ ಬಂದು ಊಟ ಹೇಳಿ ಹಣ ಕೊಡಬೇಕು. ಹೀಗಾಗಿ ಮೇಜಿನಿಂದ ಮೇಜಿಗೆ ಓಡಾಡಿ ಬೇಡಿಕೆ ಬರೆದುಕೊಳ್ಳುವ ಪರಿಚಾರಕರ ಸಂಬಳ ಉಳಿಯಿತು. ಇಷ್ಟಾದರೂ ತಟ್ಟೆಯಲ್ಲಿ ಬರುತ್ತಿದ್ದುದು ಪಬ್ಬಿನ ಹಳಸಲು ಪೈ ಅಲ್ಲ, ಮೆಡಿಟರೇನಿಯನ್ ಶೈಲಿಯ ಹೊಸ ಅಡುಗೆ. ಪೋರ್ಚುಗಲ್ಲಿನ ರೀತಿಯಲ್ಲಿ ಮಸಾಲೆ ಹಿಡಿಸಿದ ಮಾಂಸದ ‘ಬೀಫ಼ೆ ಆನಾ’ ಎಂಬ ಸ್ಯಾಂಡ್‌ವಿಚ್ ಈ ಪಬ್ಬಿನ ಗುರುತಾಗಿಯೇ ಉಳಿಯಿತು.

ಅದೃಷ್ಟವೂ ಕೈಹಿಡಿಯಿತೆನ್ನಬೇಕು. ‘ದಿ ಗಾರ್ಡಿಯನ್’ ಪತ್ರಿಕೆಯ ಕಚೇರಿ 1976ರಿಂದ 2008ರವರೆಗೆ ಅದೇ ರಸ್ತೆಯಲ್ಲಿತ್ತು. ಮಧ್ಯಾಹ್ನದ ಊಟಕ್ಕೆ ಪತ್ರಕರ್ತರೇ ಬಂದು ಕೂರುವ ಅಂಗಡಿಗೆ ಜಾಹೀರಾತಿನ ವೆಚ್ಚವೆಲ್ಲಿಯದು? ಈ ಬಗೆಯ ಪಬ್ಬಿಗೆ ‘ಗ್ಯಾಸ್ಟ್ರೋಪಬ್’ ಎಂಬ ಹೆಸರು ಬಿದ್ದಿತು. 2012ರಲ್ಲಿ ಆ ಪದವು ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೂ ಸೇರಿತು. ಈಗಲ್‌ನ ಒಲೆಯ ಮುಂದೆ ಪಳಗಿದವರು ಸ್ವಂತ ಅಂಗಡಿ ತೆರೆದರು. ಅಲ್ಲಿಂದ ನಡೆದು ಹೋಗುವಷ್ಟು ಸಮೀಪದ ಎಕ್ಸ್‌ಮತ್ ಮಾರ್ಕೆಟ್‌ನಲ್ಲಿ 1997ರಲ್ಲಿ ಆರಂಭವಾದ ‘ಮೋರೋ’ ಅವುಗಳಲ್ಲಿ ಪ್ರಸಿದ್ಧವಾದುದು.

ಅನುಕರಣೆ ಬಹುಬೇಗ ಹಬ್ಬಿತು. ಕಪ್ಪುಹಲಗೆ, ಹಳೆಯ ಕುರ್ಚಿಗಳನ್ನು ಎಲ್ಲರೂ ನಕಲು ಮಾಡಿದರು. ಅಗ್ಗದ ದರವನ್ನು ನಕಲು ಮಾಡಿದವರು ಕಡಿಮೆ. ಹಲವು ಪಬ್ಬುಗಳಲ್ಲಿ ಎಲ್ಲ ಮೇಜುಗಳೂ ಊಟದವರಿಗೇ ಮೀಸಲಾಗಿ, ಒಂದು ಲೋಟ ಬಿಯರ್ ಹಿಡಿದು ಸಂಜೆ ಕಳೆಯುತ್ತಿದ್ದ ನೆರೆಹೊರೆಯ ಹಿರಿಯರಿಗೆ ನಿಲ್ಲಲು ಜಾಗವಿಲ್ಲದಾಯಿತು. ಈ ದೂರು ನ್ಯಾಯವಾದದ್ದೇ. ಆದರೆ 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳ ಒಳಗೆ ಧೂಮಪಾನ ನಿಷೇಧವಾದ ಮೇಲೆ, ಕೇವಲ ಮದ್ಯ ಮಾರಿ ಬದುಕುವುದು ಇನ್ನಷ್ಟು ಕಷ್ಟವಾಯಿತೆಂಬುದನ್ನೂ ಮರೆಯಲಾಗದು.

ಕಾನೂನಿನ ಮುಂದಿನ ಗತಿ ವಿಚಿತ್ರವಾದುದು. 1989ರ ಆದೇಶಗಳು ಅನ್ವಯಿಸುತ್ತಿದ್ದುದು ಬಿಯರ್ ತಯಾರಿಸುವವರಿಗೆ ಮಾತ್ರ. ಅವರು ಮಾರಿದ ಪಬ್ಬುಗಳನ್ನು, ಒಂದು ಪೀಪಾಯಿ ಬಿಯರನ್ನೂ ತಯಾರಿಸದ ಹೊಸ ಆಸ್ತಿ ಕಂಪನಿಗಳು ಸಾವಿರಗಟ್ಟಲೆ ಕೊಂಡು, ಅದೇ ಕಟ್ಟುಪಾಡಿನ ಕರಾರನ್ನು ಬಾಡಿಗೆದಾರರ ಮೇಲೆ ಹೇರಿದವು. ಆದೇಶಗಳೇ 2003ರ ಹೊತ್ತಿಗೆ ರದ್ದಾದವು. ಬಾಡಿಗೆದಾರರ ದೀರ್ಘ ಹೋರಾಟದ ನಂತರ 2016ರಲ್ಲಿ ‘ಪಬ್ಸ್ ಕೋಡ್’ ಜಾರಿಗೆ ಬಂದಿತು. ಇಂತಹ 500 ಅಥವಾ ಹೆಚ್ಚು ಪಬ್ಬುಗಳುಳ್ಳ ಕಂಪನಿಗಳ ಬಾಡಿಗೆದಾರರು, ನಿಗದಿತ ಸಂದರ್ಭಗಳಲ್ಲಿ, ಮಾರುಕಟ್ಟೆ ದರದ ಬಾಡಿಗೆಯನ್ನಷ್ಟೇ ಕೊಟ್ಟು ಸರಕನ್ನು ತಮಗೆ ಬೇಕಾದಲ್ಲಿ ಕೊಳ್ಳುವ ಹಕ್ಕನ್ನು ಅದರಿಂದ ಪಡೆದರು.

ಡೇವಿಡ್ ಐರ್ ಈಗಲ್ ಬಿಟ್ಟು 2001ರಲ್ಲಿ ಶೋರ್‌ಡಿಚ್‌ನಲ್ಲಿ ಬೇರೆ ರೆಸ್ಟೋರೆಂಟ್ ತೆರೆದರು. ಈಗಲ್ ಮಾತ್ರ ಫ್ಯಾರಿಂಗ್‌ಡನ್ ರಸ್ತೆಯಲ್ಲಿಯೇ ಉಳಿದು 2021ರಲ್ಲಿ ಮೂವತ್ತು ವರ್ಷ ಪೂರೈಸಿತು. ಅಡುಗೆ ಆಗಲೂ ಕೌಂಟರಿನ ಹಿಂದೆಯೇ ನಡೆಯುತ್ತಿತ್ತು.