ನಿಂತ ನೀರಿನ ಜಾಡು

ದಕ್ಷಿಣ ಕೊಡಗಿನ ಶ್ರೀಮಂಗಲವು ಬ್ರಹ್ಮಗಿರಿ ಬೆಟ್ಟಸಾಲಿನ ಮಗ್ಗುಲಲ್ಲಿ, ಗೋಣಿಕೊಪ್ಪಲಿನಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿರುವ ಊರು. ಆ ಬೆಟ್ಟಸಾಲಿನಲ್ಲಿ ಹುಟ್ಟಿ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥವು ಈ ಸೀಮೆಯ ತೋಡುಗಳನ್ನು ಕೂಡಿಸಿಕೊಂಡು ಮುಂದೆ ಕಾವೇರಿಯನ್ನು ಸೇರುತ್ತದೆ. ಇಳಿಜಾರಿನಲ್ಲಿ ಕಾಫಿಯ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ಅದರ ಅಂಚಿನಲ್ಲಿ ತೋಡು. ಇದು ಇಲ್ಲಿಯ ನೆಲದ ಸಾಮಾನ್ಯ ರೂಪ. ಕಾಫಿಗೆ ನೆರಳೀಯುವ ಮರಗಳನ್ನು ತಬ್ಬಿ ಕರಿಮೆಣಸಿನ ಬಳ್ಳಿಗಳು ಬೆಳೆಯುತ್ತವೆ. ಮಳೆಗಾಲವು ಜೂನ್ ತಿಂಗಳಿನಲ್ಲಿ ಆರಂಭವಾಗುತ್ತದೆ. ಕಕ್ಕಡ ಮಾಸದಲ್ಲಂತೂ ದಿನಗಟ್ಟಲೆ ಬಿಡುವಿಲ್ಲದೆ ಸುರಿಯುತ್ತದೆ.

ಅಂತಹ ಮಳೆಯ ನಡುವೆ ತೋಟದ ಯಾವುದೋ ಒಂದು ಮೂಲೆಯಲ್ಲಿ ನೀರು ಬಸಿಯದೆ ನಿಂತುಬಿಡುತ್ತದೆ. ಕೆಲವು ವಾರಗಳಲ್ಲಿ ಅಲ್ಲಿಯ ಗಿಡಬಳ್ಳಿಗಳ ಎಲೆಗಳು ಹಳದಿಯಾಗುತ್ತವೆ. ಗೊಬ್ಬರ ಸಾಲದೆಂದು ಭಾವಿಸಿ ಗೊಬ್ಬರ ಹಾಕುವುದುಂಟು. ಅದು ವ್ಯರ್ಥವೆಂಬುದು ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ನೀರು ಬೇರಿಗೆ ಬೇಕಾದ ವಸ್ತುವೇ ಅಲ್ಲವೆ? ಹಾಗಾದರೆ ಅದು ಹೆಚ್ಚಾದಾಗ ಗಿಡ ಏಕೆ ಸೊರಗಬೇಕು? ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಬರಿಯ ಸಂದುಗಳಿರುತ್ತವೆ. ಅವುಗಳಲ್ಲಿ ನೀರೂ ಗಾಳಿಯೂ ಪಾಲು ಹಂಚಿಕೊಂಡಿರುತ್ತವೆ. ಬೇರು ಉಸಿರಾಡುವುದು ಆ ಗಾಳಿಯಿಂದಲೇ. ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆಮ್ಲಜನಕವು ಬೇರನ್ನು ಮುಟ್ಟುವುದು ದುಸ್ತರ. ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರು ಕಟ್ಟಿದ ಬೇರು ಆಹಾರವನ್ನು ಹೀರಲಾರದು. ಸುತ್ತಲೂ ಗೊಬ್ಬರವಿದ್ದರೂ ಗಿಡ ಹಸಿದೇ ಇರುತ್ತದೆ.

ಕಾಫಿ ಗಿಡ ಇದನ್ನು ಕೆಲಕಾಲ ತಾಳಿಕೊಂಡೀತು. ಕರಿಮೆಣಸಿಗೆ ಒದಗುವ ಅಪಾಯ ಇನ್ನೂ ಘೋರವಾದುದು. ಅದನ್ನು ಕೊಲ್ಲುವ ಶೀಘ್ರ ಸೊರಗು ರೋಗಕ್ಕೆ ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಕಾರಣ. 1876ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಇಟ್ಟ ಈ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ ಎಂದೇ ಅರ್ಥ. ಇದರ ಬೀಜಕಗಳಿಗೆ ಎಳೆಯಂತಹ ಎರಡು ಬಾಲಗಳಿರುತ್ತವೆ. ಅವು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಹುಡುಕಿಕೊಂಡು ಹೋಗುತ್ತವೆ. ನೀರು ನಿಂತಲ್ಲಿ ಅವುಗಳಿಗೆ ಹಾದಿ ತೆರೆದಂತೆಯೇ ಸರಿ. ರೋಗವು ಬುಡದ ಕಾಂಡಕ್ಕೆ ತಗುಲಿತೆಂದರೆ ಹಲವು ವರ್ಷ ಸಾಕಿದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆಯುದುರಿಸಿ ಒಣಗಿಹೋಗುತ್ತದೆ. ಮಳೆಗಾಲದ ಆರಂಭದಲ್ಲಿ ಬೋರ್ಡೋ ದ್ರಾವಣವನ್ನು, ಎಂದರೆ 100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋಗ್ರಾಂ ಸೇರಿಸಿದ ಮಿಶ್ರಣವನ್ನು, ಸಿಂಪಡಿಸುವುದು ರೂಢಿ. ಆದರೆ ಬುಡದಲ್ಲಿ ನೀರು ನಿಂತಿರುವವರೆಗೆ ಔಷಧವೊಂದೇ ಬಳ್ಳಿಯನ್ನು ಕಾಯಲಾರದು.

ನೀರು ನಿಂತ ಸ್ಥಳವನ್ನು ಕಂಡೊಡನೆ ಅಲ್ಲಿಯೇ ಅಗೆಯತೊಡಗುವುದು ಸಾಮಾನ್ಯವಾದ ತಪ್ಪು. ದೋಷವಿರುವುದು ಬಹುಮಟ್ಟಿಗೆ ಬೇರೆ ಕಡೆ. ಅದನ್ನು ಕಾಣಬೇಕಾದರೆ ಬಿಸಿಲಿನಲ್ಲಲ್ಲ, ಮಳೆ ಸುರಿಯುತ್ತಿರುವಾಗಲೇ ತೋಟಕ್ಕೆ ಇಳಿಯಬೇಕು. ಮೊದಲು ಬಸಿಗಾಲುವೆಯ ಕಟ್ಟಕಡೆಗೆ, ಅದು ತೋಡಿಗೆ ಬೀಳುವೆಡೆಗೆ ಹೋಗಬೇಕು. ತೋಡಿನ ನೀರೇ ಏರಿ ಕಾಲುವೆಯ ಬಾಯನ್ನು ಮುಳುಗಿಸಿದ್ದರೆ, ಮೇಲೆ ಎಷ್ಟು ಕೆರೆದರೂ ಫಲವಿಲ್ಲ. ತೋಡಿಗೆ ಅಡ್ಡಬಿದ್ದ ಮರವನ್ನೋ ಬಿದಿರ ಮೆಳೆಯನ್ನೋ ತೆಗೆಯಬೇಕು. ಬಾಯಿ ತೆರೆದೇ ಇದ್ದು ಅಲ್ಲಿ ನೀರು ತೆಳುವಾಗಿ ಬರುತ್ತಿದ್ದರೆ ತಡೆ ಮೇಲಿನದು. ಅಲ್ಲಿಂದ ಹಿಂದಕ್ಕೆ ಕಾಲುವೆಯ ಜಾಡನ್ನೇ ಹಿಡಿದು ಏರಬೇಕು. ತೋಟದ ರಸ್ತೆಯ ಕೆಳಗಿನ ಮೋರಿಯಲ್ಲಿ ಸಿಲ್ವರ್ ಮರದ ತರಗೆಲೆ ಮುದ್ದೆಗಟ್ಟಿರಬಹುದು. ತಿರುವಿನಲ್ಲಿ ಹೂಳು ದಿಬ್ಬವಾಗಿ ಕುಳಿತಿರಬಹುದು. ತಡೆಯಿರುವಲ್ಲಿ ಒಂದು ಬದಿಗೆ ತುಂಬಿದ ನೀರು, ಇನ್ನೊಂದು ಬದಿಗೆ ಬರಿಯ ಜಿನುಗು ಕಾಣುವುದರಿಂದ ಅದನ್ನು ಗುರುತಿಸುವುದು ಕಷ್ಟವಲ್ಲ.

ಮರದ ಹಾಯಿಹಡಗುಗಳನ್ನು ನಡೆಸಿದವರಿಗೂ ಇದೇ ತೊಡಕಿತ್ತು. ಹಲಗೆಗಳ ಸಂದಿಯಿಂದ ಜಿನುಗುವ ಕಡಲ ನೀರು ಹಡಗಿನ ತಳದಲ್ಲಿ ಸೇರುತ್ತದೆ. ತಳದುದ್ದಕ್ಕೂ ಅಡ್ಡಲಾಗಿರುವ ಪಕ್ಕೆಮರಗಳು ಅದಕ್ಕೆ ಒಡ್ಡಾಗುವುದರಿಂದ ಪ್ರತಿಯೊಂದರ ಬುಡದಲ್ಲಿಯೂ ಸಣ್ಣ ಕಂಡಿಯನ್ನು ಬಿಟ್ಟಿರುತ್ತಾರೆ. ನೀರು ಕಂಡಿಯಿಂದ ಕಂಡಿಗೆ ಸರಿದು ಪಂಪಿನ ಬಾಯಿಗೆ ಬರಬೇಕು. ಒಂದು ಕಂಡಿಯಲ್ಲಿ ಕಸ ಕಟ್ಟಿದರೂ ಪಂಪು ಬರಿಯ ಗಾಳಿಯನ್ನು ಎಳೆಯುತ್ತಿರುತ್ತದೆ, ಅತ್ತ ತಡೆಯ ಹಿಂದೆ ನೀರು ಏರುತ್ತಲೇ ಇರುತ್ತದೆ. ಪಂಪನ್ನು ಬಿಚ್ಚಿ ನೋಡಿದವನಿಗೆ ಯಾವ ದೋಷವೂ ಸಿಕ್ಕದು! ಹಿಂದಿನ ನಾವಿಕರು ಆ ಕಂಡಿಗಳ ಮೂಲಕ ಒಂದು ಸರಪಣಿಯನ್ನು ಹಾಯಿಸಿಟ್ಟು, ಆಗಾಗ ಹಿಂದಕ್ಕೂ ಮುಂದಕ್ಕೂ ಎಳೆದು ಕಸವನ್ನು ಬಿಡಿಸುತ್ತಿದ್ದರು. ತೋಟದ ಕಾಲುವೆಯಲ್ಲಿ ಅಂತಹ ಸರಪಣಿಯಿಲ್ಲ. ಗುದ್ದಲಿ ಹಿಡಿದವನ ನಡಿಗೆಯೇ ಆ ಕೆಲಸವನ್ನು ಮಾಡಬೇಕು.

ಕಸವಿಲ್ಲ, ಹೂಳಿಲ್ಲ, ಆದರೂ ಕಾಲುವೆಯಲ್ಲಿ ನೀರು ಸರಿಯದು ಎಂಬ ಸಂದರ್ಭಗಳೂ ಉಂಟು. ಆಗ ಕಾಲುವೆಯ ಇಳಿತವನ್ನೇ ಅನುಮಾನಿಸಬೇಕು. ಬೆಟ್ಟದ ಸೀಮೆಯಲ್ಲಿ ಕಣ್ಣಳತೆಯನ್ನು ನಂಬುವಂತಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಅಳೆದರೆ ನಿಜ ತಿಳಿಯುತ್ತದೆ.

ಇವೆಲ್ಲವೂ ಸರಿಯಾಗಿದ್ದು ನೆಲ ಮಾತ್ರ ಜೌಗಾಗಿಯೇ ಉಳಿದರೆ, ದೋಷ ಮಣ್ಣಿನ ಒಳಗಿದೆ. ಅಲ್ಲಿ ಎರಡು ಅಡಿ ಆಳದ ಗುಂಡಿಯೊಂದನ್ನು ತೋಡಿ, ಮಳೆ ಬೀಳದಂತೆ ತಗಡು ಮುಚ್ಚಿ, ಮರುದಿನ ನೋಡಬೇಕು. ಗುಂಡಿಯ ಮೇಲುಬದಿಯ ಗೋಡೆಯಿಂದ ನೀರು ಒಸರುತ್ತಿದ್ದರೆ ಅದು ಗುಡ್ಡದಿಂದ ಇಳಿದುಬಂದದ್ದು. ತೋಟದ ಮೇಲಂಚಿನಲ್ಲಿ ಅಡ್ಡಗಾಲುವೆ ತೋಡಿ ಅದನ್ನು ಅಲ್ಲಿಯೇ ಹಿಡಿದು ಬದಿಗೆ ತಿರುಗಿಸಬೇಕು. ತಳದಿಂದಲೇ ಏರುತ್ತಿದ್ದರೆ ಬಸಿಗಾಲುವೆಯ ಆಳ ಸಾಲದು. ಆದರೆ ಅವಸರದಿಂದ ಇಳಿಜಾರಿನಲ್ಲಿ ನೇರ ಕೆಳಕ್ಕೆ ಕಾಲುವೆ ಕಡಿಯಲಾಗದು. ಅದು ನೀರಿನ ಜೊತೆಗೆ ಮಣ್ಣನ್ನೂ ಕೊಚ್ಚಿ ಒಯ್ಯುತ್ತದೆ. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಕೊಡಗಿಗೆ ಸಡಿಲಗೊಂಡ ಮಣ್ಣಿನ ಭಯವನ್ನು ಹೇಳಿಕೊಡಬೇಕಾಗಿಲ್ಲ.

ಕೆಲವೊಮ್ಮೆ ದೋಷವು ತೋಟಗಾರನದೇ ಕೈಗೆಲಸವಾಗಿರುವುದೂ ಉಂಟು. ಗಿಡಗಳ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೆಗೆಯುವ ತೊಟ್ಟಿಲುಗುಂಡಿಗಳು ಮಣ್ಣನ್ನೂ ತೇವವನ್ನೂ ಹಿಡಿದಿಡಲು ಉಪಯುಕ್ತ. ಜೌಗಿನ ತಗ್ಗಿನಲ್ಲಿ ಅವೇ ಸಣ್ಣ ಕೆರೆಗಳಾಗುತ್ತವೆ. ಬೇಸಿಗೆಯಲ್ಲಿ ನೀರುಣಿಸಲು ಮೆಣಸಿನ ಬುಡದಲ್ಲಿ ಮಾಡಿದ ಪಾತಿಯನ್ನು ಮಳೆಗೆ ಮುನ್ನ ಮುಚ್ಚಿ, ನೀರು ಹೊರಕ್ಕೆ ಜಾರುವಂತೆ ಮಣ್ಣೇರಿಸಲು ಮರೆತರೆ ಅದೂ ಹಾಗೆಯೇ. ಇನ್ನೊಂದು ಎಚ್ಚರಿಕೆ ಅಗತ್ಯ: ರೋಗ ತಗುಲಿದ ಬಳ್ಳಿಯ ಬುಡದ ನೀರನ್ನು ಆರೋಗ್ಯವಂತ ಬಳ್ಳಿಗಳ ನಡುವೆ ಹಾಯಿಸಬಾರದು. ಅಲ್ಲಿ ಬಳಸಿದ ಗುದ್ದಲಿಯನ್ನು ತೊಳೆಯದೆ ಬೇರೆಡೆ ಊರಬಾರದು. ಅಗೆಯುವಾಗ ಬೇರು ಕಡಿದರೆ ಆ ಗಾಯವೇ ರೋಗಕ್ಕೆ ಬಾಗಿಲು.

ಸೆಪ್ಟೆಂಬರ್ ಕಳೆದು ನೀರು ಬಸಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಕಿರುಬೇರುಗಳನ್ನು ಕಳೆದುಕೊಂಡ ಬಳ್ಳಿ, ಮಣ್ಣಿನಲ್ಲಿ ತೇವವಿರುವವರೆಗೆ ಹಸುರಾಗಿಯೇ ನಿಂತಿರುತ್ತದೆ; ಅಕ್ಟೋಬರ್ ನಂತರ ನೆಲ ಒಣಗತೊಡಗಿದಾಗ ಬಾಡುತ್ತದೆ. ಆದುದರಿಂದ ಜುಲೈ ತಿಂಗಳಿನಲ್ಲಿ ನೀರು ನಿಂತಿದ್ದ ಜಾಗಗಳಿಗೆ ಅಂದೇ ಗೂಟ ನೆಟ್ಟು ಗುರುತಿಡುವುದು ಲೇಸು. ಬಿಸಿಲಿನ ದಿನಗಳಲ್ಲಿ ಯಾವ ಮೂಲೆಯ ಬಳ್ಳಿಗಳನ್ನು ಮೊದಲು ನೋಡಬೇಕೆಂಬುದನ್ನೂ, ಮುಂದಿನ ಮಳೆಗೆ ಮುನ್ನ ಯಾವ ಕಾಲುವೆಯನ್ನು ತೋಡಬೇಕೆಂಬುದನ್ನೂ ಆ ಗೂಟಗಳೇ ತಿಳಿಸುತ್ತವೆ.