ಹದ ಆರಿಸಿದ ಹುಲಿ-ಕುರಿ ಆಟ

ನಮ್ಮ ಹೊಲ ಇರುವುದು ಮಹಾಕೂಟದ ಗುಡ್ಡದ ಮಗ್ಗುಲಿಗೆ. 4 ಎಕರೆ, ಎಲ್ಲಾ ಮಳೆ ನಂಬಿದ್ದು. ನನಗಿರುವುದು ಒಂದೇ ಎತ್ತು. ಮಗ್ಗುಲ ಹೊಲದವನಿಗೂ ಒಂದೇ. ಎರಡನ್ನೂ ಜೋಡಿ ಹೂಡಿ ಇಬ್ಬರ ಹೊಲವನ್ನೂ ಬಿತ್ತುತ್ತೇವೆ. 12 ವರ್ಷದಿಂದ ಹೀಗೇ ನಡೆದಿದೆ. 2023ರ ಹಿಂಗಾರಿಯಲ್ಲಿ ಮಾತ್ರ ಈ ಜೋಡಿ 4 ದಿನ ಮುರಿದಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಬೇವಿನಮರದ ಕಟ್ಟೆಯ ಮೇಲೆ ಆಡಿದ ಹುಲಿ-ಕುರಿ ಆಟ.

ಆಟ ಗೊತ್ತಿಲ್ಲದ ಹುಡುಗರೂ ಈ ಪತ್ರಿಕೆ ಓದುತ್ತಾರೆಂದು ಮೊದಲು ಮನೆ ಗೀರುವುದನ್ನು ಹೇಳಿಬಿಡುತ್ತೇನೆ. ಮೇಲೆ ಒಂದು ಚುಕ್ಕಿ, ಅದು ತಲೆ. ತಲೆಯಿಂದ ಕೆಳಕ್ಕೆ ನಾಕು ಗೆರೆ, ಬೀಸಣಿಗೆ ಬಿಚ್ಚಿದ ಹಾಗೆ. ಅವುಗಳನ್ನು ದಾಟಿ ಅಡ್ಡ ಮೂರು ಗೆರೆ ಎಳೆದು, ಅಡ್ಡಗೆರೆಗಳ ತುದಿಗಳನ್ನು ಎಡಕ್ಕೊಂದು ಬಲಕ್ಕೊಂದು ಉದ್ದಗೆರೆಯಿಂದ ಕಟ್ಟಬೇಕು. ಬುಡಕ್ಕೆ ಒಂದು ಗೆರೆ. ಗೆರೆ ಕೂಡಿದ ಜಾಗವೇ ಮನೆ. ಎಣಿಸಿ ನೋಡಿ, ತಲೆ 1, ಮೂರು ಅಡ್ಡಗೆರೆಗೆ ಆರಾರರಂತೆ 18, ಬುಡದಾಗ 4, ಒಟ್ಟು 23. ಹುಲಿ 3, ಕುರಿ 15. ಹುಲಿಗೆ ಹುಣಸಿ ಬೀಜ, ಕುರಿಗೆ ಸಣ್ಣ ಹರಳು ಸಾಕು. ಒಂದು ಪೈಸೆ ಖರ್ಚಿಲ್ಲ.

ಒಂದು ಹುಲಿ ತಲೆಯ ಮೇಲೆ, ಇನ್ನೆರಡು ಅದರ ಕೆಳಗಿನ ಅಡ್ಡಗೆರೆಯ ನಡುವಿನ ಎರಡು ಮನೆಯಲ್ಲಿ ಕೂಡುತ್ತವೆ. ಕುರಿಯವನು ಸರದಿಗೊಂದು ಕುರಿ ಇಡುತ್ತಾ ಹೋಗಬೇಕು. 15 ಇಟ್ಟು ಮುಗಿಯುವ ತನಕ ಕುರಿ ನಡೆಸುವಂತಿಲ್ಲ. ಹುಲಿ ಮಾತ್ರ ಸುರುವಿನಿಂದಲೇ ನಡೆಯುತ್ತದೆ. ಮಗ್ಗುಲಲ್ಲಿ ಕುರಿ ಇದ್ದು, ಅದೇ ಗೆರೆಯ ಮುಂದಿನ ಮನೆ ಖಾಲಿ ಇದ್ದರೆ ಹಾರಿ ತಿನ್ನುತ್ತದೆ. ಮೂರೂ ಹುಲಿಗೆ ಅಲುಗಾಡಲು ಜಾಗ ಇಲ್ಲದಂತೆ ಕಟ್ಟಿಹಾಕಿದರೆ ಕುರಿಯವನು ಗೆದ್ದ.

ಹೊಸಬರು ಹುಲಿಯನ್ನೇ ಕೇಳಿ ತಗೊಳ್ಳುತ್ತಾರೆ, ತಿನ್ನುವ ಆಸೆ. ನಿಜವಾದ ಆಟ ಕುರಿಯದ್ದು. ನಮ್ಮಪ್ಪ ಕಲಿಸಿದ ಒಂದು ಲೆಕ್ಕ ಹೇಳುತ್ತೇನೆ. ಈ ಮನೆಯಲ್ಲಿ ಆರು ಮೂಲೆ ಇವೆ. ಎರಡು ಉದ್ದಗೆರೆಗಳ ತುದಿ ನಾಕು, ಬುಡದ ಗೆರೆಯ ತುದಿ ಎರಡು. ಅಲ್ಲಿ ಎಲ್ಲಾ ಗೆರೆ ಮುಗಿಯುತ್ತದೆ, ಹಾರಿ ಇಳಿಯಲು ಮುಂದೆ ಮನೆಯೇ ಇಲ್ಲ. ಮೊದಲ ಆರು ಕುರಿ ಅಲ್ಲೇ ಇಡಬೇಕು. ಮೂಲೆ ತುಂಬಿದ ಮೇಲೆ ಉದ್ದಗೆರೆಗಳ ನಡುವಿನ ಎರಡು ಮನೆಯೂ, ಬುಡದ ಗೆರೆಯ ನಡುವಿನ ಎರಡು ಮನೆಯೂ ಕಾವಲಾಗುತ್ತವೆ, ಯಾಕಂದರೆ ಹುಲಿ ಹಾರಿ ಬೀಳಬೇಕಾದಲ್ಲಿ ನಮ್ಮದೇ ಕುರಿ ಕುಂತಿರುತ್ತದೆ. ಹೀಗೆ 10 ಕುರಿ ಅಲುಗಿಸದೆ ಇದ್ದರೆ ಅವು ಸುರಕ್ಷಿತ. ಉಳಿದ 5 ಕುರಿಗಳದ್ದೇ ಯುದ್ಧ. ನಡುವೆ ಹುಲಿ ತಾನೇ ಬಂದು ಮೂಲೆ ಹಿಡಿದರೆ ಗಾಬರಿ ಬೇಡ. ಮೂಲೆಯ ಹುಲಿಯನ್ನು ಕಟ್ಟಲು 4 ಕುರಿ ಸಾಕು. ಎರಡು ಮಗ್ಗುಲಿಗೆ, ಎರಡು ಅವುಗಳ ಬೆನ್ನಿಗೆ. ಬೆನ್ನಿಗೆ ಕುರಿ ಇಲ್ಲದೆ ಹುಲಿ ಮಗ್ಗುಲಿಗೆ ಕುರಿ ತಂದಿಟ್ಟರೆ ಅದು ಹೋದ ಕುರಿ.

ನೇಪಾಳದವರು ಇದೇ ಜಾತಿಯ ಆಟವನ್ನು ಬಾಘ್‌ಚಾಲ್ ಎಂದು ಆಡುತ್ತಾರೆ. ಅಲ್ಲಿ ಚೌಕದ ಮನೆ, 25 ಮನೆಗೆ 4 ಹುಲಿ, 20 ಕುರಿ. ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡಿದವರು, ಇಬ್ಬರೂ ತಪ್ಪದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಸಮ ಆಗುತ್ತದೆ ಎಂದು ತೋರಿಸಿದ್ದಾರೆ.

ಇನ್ನು ಕಟ್ಟಳೆ. ಜಗಳ ಹುಟ್ಟುವುದು ಇಲ್ಲೇ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೆತ್ತಿದ್ದು ಇವತ್ತಿಗೂ ಕಾಣುತ್ತದೆ. ಆದರೆ ಕಲ್ಲಿನಲ್ಲಿ ಗೆರೆ ಉಳಿದಿದೆ, ಆಡುವ ಕಟ್ಟಳೆ ಉಳಿದಿಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು, ಹಾಗಾಗಿ ಊರಿಗೊಂದು. ನಮ್ಮೂರಲ್ಲಿ 5 ಕುರಿ ಹೋದರೆ ಆಟ ಮುಗೀತು. ಕೆಲವರು ಹುಲಿ ಕಟ್ಟುವಷ್ಟು ಕುರಿ ಉಳಿಯದ ತನಕ ಆಡುತ್ತಾರೆ. ನಮ್ಮಲ್ಲಿ ಹುಲಿ ಒಂದು ಸಲಕ್ಕೆ ಒಂದೇ ಕುರಿ ತಿನ್ನಬೇಕು. ಮುಖ್ಯವಾದದ್ದು ಏನೆಂದರೆ, ಸಿಕ್ಕ ಕುರಿಯನ್ನು ತಿನ್ನುವುದು ಬಿಡುವುದು ನಮ್ಮಲ್ಲಿ ಹುಲಿಯವನ ಇಷ್ಟ. ಇಳಕಲ್ಲ ಕಡೆಯ ನಮ್ಮ ಬೀಗರ ಊರಲ್ಲಿ ಹಾಗಲ್ಲ. ಸಿಕ್ಕ ಕುರಿ ತಿನ್ನಲೇಬೇಕು, ತಿನ್ನದ ಹುಲಿ ಸತ್ತಂತೆ.

ಇದು ಸಣ್ಣ ಫರಕು ಅನ್ನಬೇಡಿ. ತಿನ್ನಲೇಬೇಕು ಎಂದಾದರೆ ಕುರಿಯವನು ಒಂದು ಕುರಿ ಆಸೆ ತೋರಿಸಿ ಹುಲಿಯನ್ನು ತನಗೆ ಬೇಕಾದ ಮೂಲೆಗೆ ಎಳೆಯಬಹುದು. ಇಡೀ ಆಟವೇ ತಿರುಗುತ್ತದೆ.

2023ರಲ್ಲಿ ರಾಜ್ಯದ 220ಕ್ಕೂ ಹೆಚ್ಚು ತಾಲೂಕುಗಳಲ್ಲಿ ಬರ ಅಂತ ಸರಕಾರವೇ ಸಾರಿತ್ತು. ನಮಗೆ ಮುಂಗಾರಿ ಹೆಸರು ಕೈಗೆ ಬರಲಿಲ್ಲ. ಹಿಂಗಾರಿಗೆ ಮಳೆ ಕಾಯುತ್ತಾ ಗಂಡಸರೆಲ್ಲ ಕಟ್ಟೆ ಹಿಡಿದಿದ್ದೆವು. ಬೀಗರು ಬಂದಿದ್ದರು. ಅವರದು ಕುರಿ, ನನ್ನ ಜೋಡಿದಾರನದು ಹುಲಿ. ಆಟ ಚೆನ್ನಾಗಿ ಬಲಿತಿತ್ತು, 3 ಕುರಿ ಹೋಗಿದ್ದವು. ಬೀಗರು ಬೇಕಂತಲೇ ಒಂದು ಕುರಿ ಬಿಟ್ಟುಕೊಟ್ಟರು. ಇವನು ಮೋಸ ಅರಿತು ತಿನ್ನಲಿಲ್ಲ, ಬೇರೆ ಹುಲಿ ನಡೆಸಿದ.

“ತಿನ್ನಲಿಲ್ಲಲ್ಲ, ಆ ಹುಲಿ ಸತ್ತಿತು, ತಗೀರಿ” ಅಂದರು ಬೀಗರು.

“ಯಾವ ಊರ ಕಟ್ಟಳಿರಿ ಇದು?” ಅಂದ ಇವನು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಬೀಗರ ಮರ್ಯಾದೆ ನೋಡಿ, “ಕೆಲವು ಕಡೆ ಹಾಂಗೂ ಆಡ್ತಾರಪಾ” ಅಂದೆ. ಅಲ್ಲಿಗೆ ಕೆಟ್ಟಿತು. ಜೋಡಿದಾರ ಹರಳೆಲ್ಲ ಕೈಯಿಂದ ಬಳಿದು ಎದ್ದು ಹೋದ.

ಮೂರನೇ ರಾತ್ರಿ ಮಳೆ ಬಿತ್ತು. ಆ ಹಂಗಾಮಿಗೆ ನಮಗೆ ಬಿದ್ದದ್ದು ಅದೊಂದೇ ಹದ ಮಳೆ. ಹೊಲ ಕೂರಿಗಿಗೆ ಬಂದ ದಿನ ಅವನು ಎತ್ತು ಹೊಡಕೊಂಡು ಬರುತ್ತಾನೆ ಅಂತ ನಾನು ಕಾದೆ. ನಾನು ಕರೆಯಲಿ ಅಂತ ಅವನು ಕಾದ. ಬಾಡಿಗೆ ಟ್ರ್ಯಾಕ್ಟರುಗಳಿಗೆ ಆ ವಾರ ಪಾಳಿ. ಎರಡು ಎತ್ತು ಎರಡು ಅಂಗಳದಲ್ಲಿ ಕಟ್ಟಿದಲ್ಲೇ ನಿಂತವು. ನನ್ನದು ತೆಳು ಎರಿ, ಒಂದೂವರೆ ಅಡಿಗೆ ಗರಸು ಹತ್ತುತ್ತದೆ. ಅವನದು ಆಳದ ಎರಿ, ಹಸಿ ಹಿಡಿಯುತ್ತದೆ. ದಿನಾ ಮುಂಜಾನೆ ಕೈಹಾಕಿ ಮಣ್ಣು ಮುದ್ದಿ ಮಾಡಿ ನೋಡುತ್ತಿದ್ದೆ. ನಾಕನೇ ದಿನ ಮುದ್ದಿ ನಿಲ್ಲಲಿಲ್ಲ, ಉದುರಿತು. ಸಂಜೆ ನಾಚಿಕೆ ಬಿಟ್ಟು ಅವನ ಮನೆಗೆ ಹೋದೆ.

ಚಹಾ ಕೊಟ್ಟು ಅವನು ಹೇಳಿದ: “ಹರಳಿನ ಸಿಟ್ಟಲ್ಲೋ ಅದು. ಪ್ರತಿ ವರ್ಷ ನಿನ್ನ ಹೊಲಾನ ಮೊದಲು ಬಿತ್ತತೀವಿ. ಒಂದರೆ ವರ್ಷ ನನ್ನ ಕೇಳಿದಿ ಏನು?”

ನನಗೆ ಮಾತು ಹೊರಡಲಿಲ್ಲ. ತೆಳು ಹೊಲ ಬೇಗ ಆರುತ್ತದೆ, ಅದಕ್ಕೆ ಮೊದಲು ಅಂತ ನನ್ನ ಮನಸ್ಸಿನಲ್ಲಿತ್ತು. 12 ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಮರುದಿನ ಬಿತ್ತಿದೆವು, ನನ್ನದೇ ಮೊದಲು. ಬಿಳಿಜೋಳ ಅರ್ಧಕ್ಕರ್ಧ ಹುಟ್ಟಲಿಲ್ಲ. 4 ಎಕರೆಗೆ 5 ಚೀಲ ಕಾಳು, ಕಣಿಕೆಯಂತೂ ಎತ್ತಿಗೂ ಸಾಲದು. ಅವನ ಬೆಳೆ ತಕ್ಕಮಟ್ಟಿಗೆ ನಿಂತಿತು. ಸುಗ್ಗಿ ಮೇಲೆ ಎರಡು ಗಾಡಿ ಕಣಿಕೆ ತಂದು ನಮ್ಮ ಅಂಗಳದಲ್ಲಿ ಕೆಡವಿದ. ಯಾಕೋ ಅಂದರೆ, “ನಿನ್ನ ಎತ್ತು ಸೊರಗಿದರ ನನ್ನದು ಯಾವುದರ ಜೋಡಿ ನಡೀಬೇಕು?” ಅಂದ.

ಈಗ ಮೊದಲೇ ಮಾತಾಗಿದೆ. ಬಿತ್ತಿಗೆಗೆ ತೆಳು ಹೊಲ ಮೊದಲು. ಎಡಿ ಹೊಡೆಯಲು ಮತ್ತು ಮಾಗಿ ಹರಗಲು ಅವನದು ಮೊದಲು. ಹದ ಬಂದ ದಿನ ಯಾರೂ ಕರೆಯಲು ಕಾಯಬಾರದು, ಹೊತ್ತು ಮೂಡುವುದರೊಳಗೆ ಇಬ್ಬರೂ ಎತ್ತಿನ ಸಮೇತ ಬದುವಿನಲ್ಲಿ ಇರಬೇಕು. ಒಂದು ಎತ್ತು ಕುಂಟಿದರೆ ಬಾಡಿಗೆ ಅರ್ಧರ್ಧ. 2024, 2025 ಎರಡೂ ಹಂಗಾಮು ಹೀಗೇ ನಡೆಯಿತು.

ಕಟ್ಟೆಗೂ ಕಟ್ಟಳೆ ಬಂತು. ಹುಲಿ ಇಡುವ ಮೊದಲು ಮೂರು ಮಾತು ಕೇಳಬೇಕು: ಎಷ್ಟು ಕುರಿಗೆ ಆಟ, ತಿನ್ನಲೇಬೇಕೋ ಇಷ್ಟವೋ, ಅದೇ ಎರಡು ಮನೆ ಹಿಂದೆ ಮುಂದೆ ಎಷ್ಟು ಸಲ ನಡೆಸಬಹುದು. ಮೂರನೆಯದಕ್ಕೆ ನಾವು ಮೂರು ಸಲ ಅಂತ ಇಟ್ಟಿದ್ದೇವೆ, ಆಮೇಲೆ ಸಮ. ದುಡ್ಡು ಕಟ್ಟುವಂತಿಲ್ಲ, ಸೋತವನು ಕೊಡ ನೀರು ತರಬೇಕು.

ಮನೆಯಲ್ಲಿ ಹೆಣ್ಣುಮಕ್ಕಳು ಆಡುವ ಚೌಕಾಬಾರಕ್ಕೂ ಇದೇ ತಕರಾರು. ಒಬ್ಬರ ಕಾಯಿ ಕಡಿಯದೆ ಒಳಮನೆ ಹೊಗಬಹುದೋ ಬಾರದೋ ಅಂತ ಅತ್ತೆ ಸೊಸೆಗೆ ಎರಡು ತವರಿನ ಎರಡು ಕಟ್ಟಳೆ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಒಂದು ಲೆಕ್ಕ ಮಾತ್ರ ಮೊಮ್ಮಗಳಿಗೆ ಹೇಳಿಕೊಟ್ಟಿದ್ದೇನೆ. ನಾಕು ಕವಡಿ ಬೀಳುವ ಬಗೆ 16. ಎರಡೂ ಕಡೆ ಸರಿಸಮ ಬೀಳುತ್ತವೆ ಅಂತ ಹಿಡಿದರೆ ಎರಡು ಬೀಳುವುದು 6 ಸಲ, ಒಂದು 4, ಮೂರು 4. ಚೌಕ ಒಂದೇ ಸಲ, ಬಾರ ಒಂದೇ ಸಲ. ಎದುರಾಳಿಗಿಂತ ಸರಿಯಾಗಿ ಎರಡು ಮನೆ ಮುಂದೆ ನಿಲ್ಲಬೇಡ ಅಂದೆ. ಈಗ ನನ್ನನ್ನೇ ಸೋಲಿಸುತ್ತಾಳೆ.

ಬೀಗರು ಹೋದ ಶ್ರಾವಣದಲ್ಲಿ ಮತ್ತೆ ಬಂದಿದ್ದರು. ಸೋಮವಾರ ಎಲ್ಲರೂ ಮಹಾಕೂಟಕ್ಕೆ ಹೋಗಿ, ಪುಷ್ಕರಣಿಯಲ್ಲಿ ಮಿಂದು, ಆಲದ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಗುಡಿಯ ಕಲ್ಲಿನ ಮೇಲೆ ಗೀರಬಾರದು, ಮಣ್ಣಿನ ಮೇಲೆ ಕಡ್ಡಿಯಿಂದ ಮನೆ ಗೀರಿದ ಜೋಡಿದಾರ ಬೀಗರನ್ನು ಕೇಳಿದ:

“ತಿನ್ನಲೇಬೇಕೋ, ಇಷ್ಟವೋ?”

“ನಿಮ್ಮೂರಾಗ ಕುಂತೀನಿ, ನಿಮ್ಮ ಕಟ್ಟಳಿ” ಅಂದರು ಬೀಗರು. ಕುರಿ ಅವರೇ ತಗೊಂಡರು. ಬುತ್ತಿ ಖಾಲಿ ಆಗುವುದರೊಳಗೆ ಮೂರೂ ಹುಲಿ ಕಟ್ಟಿದ್ದರು.