ಉಪಾಧ್ಯಾಯರ ಸಂಘವೂ ಸಮತೆಯ ಧರ್ಮವೂ

ಅನ್ಯಾಯವನ್ನು ಪ್ರತಿಭಟಿಸಲು ಕಟ್ಟಿದ ಸಂಘವು ತನ್ನ ಮನೆಯೊಳಗಿನ ತಾರತಮ್ಯವನ್ನು ಮೊದಲು ನೋಡಿಕೊಳ್ಳಬೇಕು. ಈ ಮಾತನ್ನು ನಮ್ಮ ಉಪಾಧ್ಯಾಯರ ಸಂಘಗಳ ಮುಂದೆ ಸ್ನೇಹಭಾವದಿಂದಲೇ ಇಡಬೇಕಾಗಿದೆ.

2024ನೆಯ ಇಸವಿ ಆಗಸ್ಟ್ 12ರಂದು ನಾಡಿನ ನಾನಾ ಜಿಲ್ಲೆಗಳ ಪ್ರಾಥಮಿಕ ಶಾಲಾ ಉಪಾಧ್ಯಾಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನೆರೆದರು. ಒಂದರಿಂದ ಏಳನೆಯ ತರಗತಿಯವರೆಗೆ ಪಾಠ ಹೇಳಲೆಂದು ನೇಮಕಗೊಂಡವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಒಂದರಿಂದ ಐದರ ವೃಂದಕ್ಕೆ ಸೇರಿಸಿದುವು. ಪದವಿ ಪಡೆದವರಿಗೂ ಬಡ್ತಿಯ ದಾರಿ ಕಿರಿದಾಯಿತು. ಸೇವೆಯ ನಡುವೆ ನಿಯಮವನ್ನು ಬದಲಿಸಿ ಹಳಬರ ಮೇಲೆ ಹೇರುವುದು ಸಲ್ಲದೆಂಬ ಅವರ ವಾದವು ನ್ಯಾಯವಾದುದೇ.

ಆದರೆ ಅದೇ ಶಾಲೆಯಲ್ಲಿ, ಅದೇ ಕರಿಹಲಗೆಯ ಮುಂದೆ, ಅತಿಥಿ ಶಿಕ್ಷಕರೆಂಬ ಹೆಸರಿನಲ್ಲಿ ಮತ್ತೊಬ್ಬರು ನಿಂತಿದ್ದಾರೆ. 2025ರ ಆಯವ್ಯಯದಲ್ಲಿ ಅವರ ಮಾಸಿಕ ಗೌರವಧನಕ್ಕೆ 2,000 ರೂಪಾಯಿ ಸೇರಿಸಿದುದೇ ದೊಡ್ಡ ಸುದ್ದಿಯಾಯಿತು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವು ಹಂಗಾಮಿ ನೌಕರರಿಗೂ ಅನ್ವಯಿಸುವುದೆಂದು ಸುಪ್ರೀಂ ಕೋರ್ಟು 2016ರಲ್ಲಿಯೇ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಹೇಳಿದೆ. ಖಾಯಂ ನೌಕರರ ಪಿಂಚಣಿಗಾಗಿ ಎತ್ತುವ ದನಿಯನ್ನು ಈ ಹಂಗಾಮಿಯವರ ಹೊಟ್ಟೆಯ ಪಾಡಿಗೂ ಎತ್ತದಿದ್ದರೆ ಸಂಘವು ಬರಿಯ ಹಕ್ಕುದಾರರ ಕೂಟವಾದೀತು.

ಇನ್ನು ಉಪಾಧ್ಯಾಯಿನಿಯರ ವಿಚಾರ. ವಿಲ್ಸನ್ ಗಾರ್ಡನ್ನಿನಂತಹ ಬಡಾವಣೆಯಲ್ಲಿ ಬೆಳಗಿನ ಹೊತ್ತು ಶಾಲೆಗಳತ್ತ ಸಾಗುವವರನ್ನು ಗಮನಿಸುವ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೇಶದ ಶಾಲಾ ಶಿಕ್ಷಕರಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಆದರೂ ನಮ್ಮ ನಾಡಿನಲ್ಲಿ ಶಿಕ್ಷಕಿಯರಿಗಾಗಿಯೇ ಸಾವಿತ್ರಿಬಾಯಿ ಫುಲೆಯವರ ಹೆಸರಿನ ಪ್ರತ್ಯೇಕ ಸಂಘವು ಹುಟ್ಟಿತು. ಹಳೆಯ ಸಂಘಗಳು ಇದನ್ನು ಪ್ರತಿಸ್ಪರ್ಧೆಯೆಂದು ಬಗೆಯದೆ ಎಚ್ಚರಿಕೆಯೆಂದು ತಿಳಿಯುವುದು ಲೇಸು. ಗ್ರಾಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟು 2010ರಲ್ಲಿಯೇ ಚುನಾವಣೆ ನಡೆಸಿದ ರಾಜ್ಯವಿದು. ಹಳ್ಳಿಯ ಚಾವಡಿಗೆ ಸಲ್ಲುವ ನ್ಯಾಯವು ವಿದ್ಯಾವಂತರ ಸಂಘಕ್ಕೆ ಸಲ್ಲದೆ?

ಮೂರನೆಯದು ಮತದ ಪ್ರಶ್ನೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಉಪಾಧ್ಯಾಯರ ಕ್ಷೇತ್ರಗಳಿಗೆ ಸೇರಿವೆ. ಆದರೆ ಸಂವಿಧಾನದ 171ನೆಯ ವಿಧಿಯಂತೆ ಪ್ರೌಢಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಮೂರು ವರ್ಷವಾದರೂ ಪಾಠ ಹೇಳಿದವರಿಗೆ ಮಾತ್ರ ಅಲ್ಲಿ ಮತಾಧಿಕಾರ. ಅಕ್ಷರವನ್ನು ತಿದ್ದಿಸುವ ಪ್ರಾಥಮಿಕ ಶಾಲೆಯವರಿಗೆ ಆ ಮತವಿಲ್ಲ. ಪರಿಷತ್ತಿನಲ್ಲಿ ತಮ್ಮವರಿಲ್ಲದವರಿಗೆ ಸಂಘವೊಂದೇ ಬಾಯಿ. ಆ ಬಾಯಿ ಕೆಲವರದೇ ಆಗಕೂಡದು.

ಆದುದರಿಂದ ಸಂಘಗಳು ತಾವಾಗಿಯೇ ಮಾಡಬಹುದಾದ ಕೆಲಸಗಳನ್ನು ಸೂಚಿಸುತ್ತೇವೆ. ತಾಲ್ಲೂಕಿನಿಂದ ರಾಜ್ಯದವರೆಗೆ ಅಧಿಕಾರದ ಸ್ಥಾನಗಳಲ್ಲಿ ಅರ್ಧವು ಸ್ತ್ರೀಯರಿಗಿರಲಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯ ಪದವಿಗಳೂ ಈ ಲೆಕ್ಕದಲ್ಲಿ ಸೇರಲಿ. ಮನೆಗೆಲಸದ ಹೊರೆ ಹೊತ್ತವರು ಬರಲಾಗುವ ಹೊತ್ತಿನಲ್ಲಿ ಸಭೆ ಸೇರಲಿ. ಅತಿಥಿ ಶಿಕ್ಷಕರಿಗೆ ಅಲ್ಪ ಚಂದಾದ ಸದಸ್ಯತ್ವವನ್ನೂ ಸಭೆಯಲ್ಲಿ ಮಾತನಾಡುವ ಹಕ್ಕನ್ನೂ ಕೊಡಲಿ. ಪ್ರತಿಯೊಂದು ಬೇಡಿಕೆಪಟ್ಟಿಯಲ್ಲಿಯೂ ಅತಿ ಕೆಳಗಿನವನ ಬೇಡಿಕೆಯು ಮೊದಲು ಬರಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ಬೊಕ್ಕಸದ ಹಣವೂ ಬೇಕಿಲ್ಲ.

ಮಕ್ಕಳಿಗೆ ಸಮತೆಯ ಪಾಠ ಹೇಳುವವರು ಅದನ್ನು ತಮ್ಮ ಸಭೆಯಲ್ಲಿ ನಡೆಸಿ ತೋರಿದರೆ, ಸರ್ಕಾರದ ಬಾಗಿಲಲ್ಲಿ ನಿಂತಾಗ ಅವರ ಮಾತಿಗೆ ಇಮ್ಮಡಿ ಬಲ ಬರುವುದು.